ಆರನೆಯ ಕಂಬ

ಇಂಗ್ಲೆಂಡಿನ ರಿಬಲ್‌ಹೆಡ್ ಸ್ಟೇಷನ್ನಿನಲ್ಲಿ ಇಳಿದವರು ಮೂರೇ ಜನ. ಲೀಡ್ಸ್ ಕಡೆಯಿಂದ ಬಂದರೆ ನಾನು ನೋಡಲು ಬಂದ ರಿಬಲ್‌ಹೆಡ್ ರೈಲು ಸೇತುವೆಗೆ ಮೊದಲೇ ಈ ಸ್ಟೇಷನ್ ಸಿಗುತ್ತದೆ. ನಮ್ಮನ್ನು ಇಳಿಸಿದ ರೈಲು ಕಮಾನುಗಳ ಮೇಲೆ ನಿಧಾನಕ್ಕೆ ಹೋಯಿತು, ಗೋಡೆಯ ಮೇಲಿನ ಜರಿಹುಳದ ಹಾಗೆ.

24 ಕಮಾನು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಸುತ್ತ ಯಾರ್ಕ್‌ಷೈರಿನ ಬೋಳುಗುಡ್ಡ, ಜೌಗು ನೆಲ, ಕುರಿ. ನನ್ನ ಕೊಡೆ ಐದೇ ನಿಮಿಷಕ್ಕೆ ಗಾಳಿಗೆ ಉಲ್ಟಾ ಆಯಿತು.

ಇದು ಜಗಳಕ್ಕೆ ಹುಟ್ಟಿದ ರೈಲುದಾರಿ. ಸ್ಕಾಟ್ಲೆಂಡಿಗೆ ಹೋಗಲು ಎದುರಾಳಿ ಕಂಪನಿಯ ಹಳಿಯನ್ನೇ ನೆಚ್ಚಿಕೊಂಡಿದ್ದ ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ರೇಗಿ, 1866ರಲ್ಲಿ ಸ್ವಂತ ದಾರಿಗೆ ಸಂಸತ್ತಿನ ಒಪ್ಪಿಗೆ ಪಡೆಯಿತು. ಆಮೇಲೆ ರಾಜಿಯಾಗಿ, ಬೇಡ ಬಿಡಿ ಎಂದರೆ ಸಂಸತ್ತು ಒಪ್ಪಲೇ ಇಲ್ಲ! ಕಟ್ಟಲೇಬೇಕಾಯಿತು. 1870ರಲ್ಲಿ ಅಡಿಗಲ್ಲು, 1875ರಲ್ಲಿ ಗೂಡ್ಸ್ ಗಾಡಿ ಓಡಿತು, ಮರುವರ್ಷ ಪ್ರಯಾಣಿಕರ ರೈಲು.

ಕಂಬದ ಬುಡಕ್ಕೆ ಹೋಗಿ ಕಲ್ಲು ಮುಟ್ಟಿದೆ. ಸುಣ್ಣಕಲ್ಲು, ಮುಖ ನಯ ಮಾಡದೆ ಒರಟಾಗಿಯೇ ಬಿಟ್ಟಿದ್ದಾರೆ. ಸಂದಿನಲ್ಲಿ ಪಾಚಿ. ತಲೆಯೆತ್ತಿದರೆ ಕಮಾನಿನ ಒಳಮೈ ಮಾತ್ರ ಇಟ್ಟಿಗೆಯದು. ಎಣಿಸುತ್ತ ನಡೆದೆ. ಆರನೆಯ ಕಂಬ ಉಳಿದವಕ್ಕಿಂತ ದಪ್ಪ. ಹನ್ನೆರಡನೆಯದೂ ಹಾಗೇ, ಹದಿನೆಂಟನೆಯದೂ. ಕಮಾನುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುವುದು. ಒಂದು ಬಿದ್ದರೆ ಪಕ್ಕದ್ದಕ್ಕೆ ಆಸರೆ ತಪ್ಪಿ ಅದೂ ಬೀಳುತ್ತದೆ. ದಪ್ಪ ಕಂಬ ಬಂದಲ್ಲಿ ಆ ಕುಸಿತ ನಿಲ್ಲಲಿ ಎಂಬ ಲೆಕ್ಕ. ಎಂಜಿನಿಯರ್ ಜಾನ್ ಸಿಡ್ನಿ ಕ್ರಾಸ್ಲಿ ಕಟ್ಟುವಾಗಲೇ ಬೀಳುವುದನ್ನೂ ಯೋಚಿಸಿದ್ದಾನೆ. ನನಗೆ ಇಡೀ ಸೇತುವೆಯಲ್ಲಿ ತುಂಬ ಹಿಡಿಸಿದ್ದು ಇದೇ.

ಕೂಲಿಗಳು ಇದೇ ಜೌಗಿನಲ್ಲಿ ಮರದ ಗುಡಿಸಲು ಹಾಕಿಕೊಂಡು, ಹೆಂಡತಿ ಮಕ್ಕಳೊಂದಿಗೆ ಇದ್ದರು. ಕೇರಿಗಳಿಗೆ ಕ್ರೈಮಿಯಾ ಯುದ್ಧದ ಸೆಬಾಸ್ಟಪೋಲ್, ಬೈಬಲ್ಲಿನ ಜೆರಿಕೋ ಎಂಬ ದೊಡ್ಡ ದೊಡ್ಡ ಹೆಸರು. ಅಪಘಾತ, ಅದರ ಮೇಲೆ ಸಿಡುಬು. ಸತ್ತವರು ಎಷ್ಟೆಂದರೆ ಚಾಪೆಲ್-ಲೆ-ಡೇಲ್ ಚರ್ಚಿನ ಸ್ಮಶಾನವನ್ನೇ ವಿಸ್ತರಿಸಬೇಕಾಯಿತು. ಈಗ ಗುಡಿಸಲಿದ್ದ ಜಾಗದಲ್ಲಿ ಹುಲ್ಲಿನ ದಿಬ್ಬಗಳಷ್ಟೇ.

1980ರ ದಶಕದಲ್ಲಿ ರಿಪೇರಿ ಖರ್ಚು ದುಬಾರಿಯೆಂದು ದಾರಿಯನ್ನೇ ಮುಚ್ಚಲು ಹೊರಟಿದ್ದರು. ಸಾವಿರಾರು ಜನ ಆಕ್ಷೇಪಣೆ ಬರೆದರು. ರಸ್ವಾರ್ಪ್ ಎಂಬ ನಾಯಿಯ ಪಂಜದ ಗುರುತನ್ನೂ ಸಹಿಯೆಂದು ಲೆಕ್ಕಕ್ಕೆ ಹಿಡಿದರಂತೆ. ಟಿಕೆಟ್ ತೆಗೆಸಿಕೊಂಡೇ ಓಡಾಡುತ್ತಿದ್ದ ನಾಯಿ ಅದು! 1989ರಲ್ಲಿ ದಾರಿ ಉಳಿಯಿತು.

ವಾಪಸು ರೈಲಿಗೆ ಇನ್ನೂ ಒಂದೂವರೆ ಗಂಟೆ, ಮತ್ತೆ ಮಳೆ. ಕುರಿಗಳು ಆಗಲೇ ಗಾಳಿಗೆ ಬೆನ್ನುಕೊಟ್ಟು ಕಂಬದ ಮರೆಗೆ ಸೇರಿದ್ದವು. ನಾನೂ ಹೋಗಿ ಜಾಗ ಮಾಡಿಕೊಂಡೆ. ದಪ್ಪ ಕಂಬವನ್ನೇ ಆರಿಸಿಕೊಂಡಿದ್ದವು.