ಮುರಕಲ್ಲಿನ ಒಳಗೆ ಮೀನು

ಕಾಸರಗೋಡಿನ ಎಣ್ಮಕಜೆಯ ನಮ್ಮ ತೋಟದ ಮೇಲ್ಗಡೆ, ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗವನ್ನು ಮೊದಲ ಬಾರಿ ಹೊಕ್ಕಾಗ ನನಗೆ ಹನ್ನೊಂದು ವರ್ಷ. ಟಾರ್ಚು ಹಿಡಿದ ಅಜ್ಜ ಮುಂದೆ, ಮೊಣಕಾಲು ಮುಳುಗುವ ತಣ್ಣೀರಿನಲ್ಲಿ ಬಾಗಿ ನಡೆಯುತ್ತಿದ್ದ ನಾನು ಹಿಂದೆ. ಕೊನೆಯ ಗೋಡೆಯಲ್ಲಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ತೂತುಗಳಿಂದ ನೀರು ಒಸರುತ್ತಿತ್ತು. ಇದರ ಹಿಂದೆ ಹೊಳೆ ಇದೆಯೇ, ಅದರಲ್ಲಿ ಮೀನು ಇದೆಯೇ ಎಂದು ಕೇಳಿದೆ. ‘ಇದ್ದರೂ ಅದಕ್ಕೆ ಕಣ್ಣು ಯಾಕೆ?’ ಎಂದರು ಅಜ್ಜ.

ಆ ಮಾತು ಎಷ್ಟು ಸರಿ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮೇಘಾಲಯದ ಸುಣ್ಣಕಲ್ಲಿನ ಗುಹೆಗಳಲ್ಲಿ ನಿಜವಾಗಿಯೂ ಹೊಳೆಗಳು ಹರಿಯುತ್ತವೆ; ಅಲ್ಲಿ ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಹತ್ತಿರದ ಸಂಬಂಧಿಯಾದ, 40 ಸೆಂಟಿಮೀಟರಿಗಿಂತಲೂ ಉದ್ದ ಬೆಳೆಯುವ ಕುರುಡು ಮೀನಿದೆ. ನಮ್ಮ ನೆಲದಡಿಯ ಹೊಳೆ ಅಂಥದ್ದಲ್ಲ. ಮುರಕಲ್ಲು ಸ್ಪಂಜಿನಂತೆ ತೂತು ತೂತಾದ ಕಲ್ಲು. ಮಳೆಗಾಲದ ನೀರು ಅದರ ಸಂದುಗಳಲ್ಲಿ ಇಳಿದು, ಕೆಳಗಿನ ಜೇಡಿಯ ಪದರದ ಮೇಲೆ ಮೆಲ್ಲಗೆ ಸರಿಯುತ್ತದೆ. ಅದರೊಳಗೆ ಬದುಕುವ ಮೀನು ಬೆರಳಿಗಿಂತ ತೆಳ್ಳಗಾಗಿ, ದಾರದಂತೆ ನುಸುಳಬಲ್ಲದ್ದಾಗಿ ಇರಲೇಬೇಕು.

ಕೇರಳದ ಬಾವಿಗಳಲ್ಲಿ ಸಿಕ್ಕಿರುವ ಮೀನುಗಳು ಬಹುಮಟ್ಟಿಗೆ ಹೀಗೆಯೇ ಇವೆ. 1950ರಲ್ಲಿ ವಿಜ್ಞಾನಿ ಮೆನನ್ ಅವರು ವಿವರಿಸಿದ ಹೊರಾಗ್ಲಾನಿಸ್ ಕೃಷ್ಣೈ ಎಂಬ ಮೀಸೆಮೀನಿಗೆ ಕಣ್ಣಿಲ್ಲ. ಚರ್ಮದಲ್ಲಿ ಬಣ್ಣವಿಲ್ಲದ ಕಾರಣ ಒಳಗಿನ ರಕ್ತವೇ ಕಂಡು ಮೈಯೆಲ್ಲ ಕೆಂಪಾಗಿ ತೋರುತ್ತದೆ. 2019ರಲ್ಲಿ ಕೋಯಿಕ್ಕೋಡಿನ ಬಾವಿಯೊಂದರಿಂದ ವಿವರಿಸಲಾದ ಪ್ಯಾಂಜಿಯೊ ಭುಜಿಯಾ ಎಂಬ ಮೀನು ಎಷ್ಟು ಎಳೆಯಂತಿದೆಯೆಂದರೆ ಅದಕ್ಕೆ ಭುಜಿಯಾ ಎಂಬ ಸೇವಿನ ಹೆಸರನ್ನೇ ಇಟ್ಟರು. ಅದಕ್ಕೆ ಬೆನ್ನಿನ ರೆಕ್ಕೆಯೂ ಇಲ್ಲ.

ಕಣ್ಣನ್ನು ಸಾಕುವುದು ದೇಹಕ್ಕೆ ದುಬಾರಿ. ಬಿಸಿಲಿಲ್ಲದೆ ಪಾಚಿ ಬೆಳೆಯದ ಕಡೆ, ಮೇಲಿನಿಂದ ಇಳಿದು ಬರುವ ಎಲೆಯ ಕೊಳೆ ಮತ್ತು ಅದನ್ನು ತಿನ್ನುವ ಕಿರು ಜೀವಿಗಳನ್ನೇ ನಂಬಿ ಬದುಕುವ ಮೀನು ಉಪಯೋಗಕ್ಕೆ ಬಾರದ ಅಂಗಕ್ಕೆ ಶಕ್ತಿ ವ್ಯಯಿಸಲಾರದು. ಅದು ಮೀಸೆಯಿಂದ ಮುಟ್ಟಿ, ನೀರಿನ ಸಣ್ಣ ಅಲುಗಾಟವನ್ನು ಮೈಯಿಂದಲೇ ಗ್ರಹಿಸಿ ದಾರಿ ಹುಡುಕುತ್ತದೆ. ಆದರೆ 2018ರ ನೆರೆಯ ಬಳಿಕ ಮಲಪ್ಪುರದ ಗದ್ದೆಯೊಂದರಲ್ಲಿ ಕಾಣಿಸಿಕೊಂಡ ಈನಿಗ್ಮಚನ್ನಾ ಗೊಲ್ಲಮ್ ಎಂಬ ಮೀನು ನೆಲದಡಿಯದೇ ಆದರೂ ಅದಕ್ಕೆ ಕಣ್ಣೂ ಇದೆ, ಬಣ್ಣವೂ ಇದೆ. ನನ್ನನ್ನು ಹೆಚ್ಚು ಕಾಡಿರುವುದು ಅದೇ. ಕೋಟ್ಯಂತರ ವರ್ಷಗಳ ಹಿಂದೆಯೇ ಹಾವಿನಂಥ ತಲೆಯ ಸ್ನೇಕ್‌ಹೆಡ್ ಮೀನುಗಳ ವಂಶದಿಂದ ಕವಲೊಡೆದ ಅದಕ್ಕೆ 2020ರಲ್ಲಿ ಪ್ರತ್ಯೇಕ ಕುಟುಂಬವನ್ನೇ ಕೊಡಬೇಕಾಯಿತು.

ಇವುಗಳಲ್ಲಿ ಹಲವು ಬೆಳಕಿಗೆ ಬಂದದ್ದು ಬಾವಿ ತೊಳೆಯುವ, ನೀರು ಸೇದುವ ಸಾಮಾನ್ಯ ಜನರಿಂದ. 2023ರಲ್ಲಿ ವಿವರಿಸಲಾದ ಇನ್ನೊಂದು ಹೊರಾಗ್ಲಾನಿಸ್ ಜಾತಿಗೆ ಆ ಋಣಕ್ಕಾಗಿಯೇ ‘ಜನರದ್ದು’ ಎಂಬ ಅರ್ಥದ ‘ಪಾಪ್ಯುಲಿ’ ಎಂಬ ಹೆಸರು ಬಂತು. ನಮ್ಮ ಕಾಸರಗೋಡಿನದೂ ಅದೇ ಮುರಕಲ್ಲು. ಅದಕ್ಕೇ ನನಗೆ ಆಸೆ ಬಿಟ್ಟಿಲ್ಲ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ಆರೋಗ್ಯಕ್ಕೆ ಅಗತ್ಯ, ಬೇಡವೆನ್ನಲಾರೆ. ಹಾಕುವ ಮುನ್ನ ತಳದ ನೀರನ್ನು ಒಮ್ಮೆ ಬಟ್ಟೆಯಲ್ಲಿ ಸೋಸಿ ನೋಡಿ ಎಂಬುದಷ್ಟೇ ನೆರೆಹೊರೆಯವರಲ್ಲಿ ನನ್ನ ಬೇಡಿಕೆ. ಕಳೆದ ಬೇಸಗೆಯಲ್ಲಿ ಸುರಂಗದ ಹೂಳು ತೆಗೆಯುವಾಗ ನಾವು ಬೈರಾಸು ಹಿಡಿದು ಸೋಸಿದೆವು. ಸಿಕ್ಕಿದ್ದು ಒಂದು ಏಡಿಮರಿ, ಎರಡು ಬಿಳಿಯ ಹುಳುಗಳು. ಮೂರನ್ನೂ ಅದೇ ನೀರಿಗೆ ಬಿಟ್ಟೆವು.