ಹಂಚಿನ ಸಂದಿಯ ಗ್ರಹಣ ಮತ್ತು ಹ್ಯಾಲಿಯ ನಕಾಶೆ

1980ರ ಫೆಬ್ರುವರಿ 16, ಶನಿವಾರ. ಅಂಕೋಲೆಯ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ದರ್ಭೆ ಇಟ್ಟು, ಮಕ್ಕಳನ್ನೆಲ್ಲ ಒಳಗೆ ಕೂರಿಸಿ ಬಾಗಿಲು ಹಾಕಲಾಗಿತ್ತು. ಆದರೆ ಮಾಡಿನ ಒಂದು ಹಂಚು ಸರಿದಿತ್ತು. ಅದರ ಸಂದಿಯಿಂದ ಸಗಣಿ ಸಾರಿಸಿದ ನೆಲದ ಮೇಲೆ ದಿನವೂ ಬೀಳುತ್ತಿದ್ದ ದುಂಡನೆಯ ಬಿಸಿಲ ಬಿಲ್ಲೆ ಅಂದು ಒಂದು ಬದಿಯಿಂದ ಸವೆಯುತ್ತ, ಕುಡುಗೋಲಿನಂತಾಗಿ, ಮೂರೂವರೆ ದಾಟಿದ ಮೇಲೆ ಇಲ್ಲವೇ ಆಯಿತು. ಖಗ್ರಾಸ ಗ್ರಹಣವನ್ನು ನಾನು ಕಂಡದ್ದು ಅಷ್ಟೇ, ಅದೂ ನೆಲ ನೋಡಿಕೊಂಡು.

ಸ್ಪರ್ಶ, ಮಧ್ಯ, ಮೋಕ್ಷಗಳ ಹೊತ್ತು ಪಂಚಾಂಗದಲ್ಲಿ ಮೊದಲೇ ಅಚ್ಚಾಗಿತ್ತು. ಸೂರ್ಯನನ್ನು ಮುಚ್ಚುವುದು ಚಂದ್ರನೇ ಎಂದು ಆರ್ಯಭಟ ಬರೆದು ಆಗಲೇ ಹದಿನಾಲ್ಕು ಶತಮಾನ ದಾಟಿತ್ತು. ನೋಡುವವನು ಭೂಮಿಯ ಕೇಂದ್ರದಲ್ಲಿರದೆ ಮೇಲ್ಮೈಯಲ್ಲಿ ನಿಂತಿರುವುದರಿಂದ ಚಂದ್ರ ತುಸು ಸರಿದು ಕಾಣುವುದನ್ನು ಲಂಬನವೆಂದು ಕರೆದು ಗಣಿತದಲ್ಲಿ ಸೇರಿಸಿಕೊಳ್ಳುವ ಕ್ರಮವೂ ನಮ್ಮಲ್ಲಿ ಹಳೆಯದೇ. ಆದರೆ ಆ ಗಣಿತವನ್ನು ಒಂದು ಊರಿಗೆಂದು ಮಾಡುತ್ತಾರೆ. ಬೇರೆ ಊರಿಗೆ ಮತ್ತೆ ಮಾಡಬೇಕು. ನೆರಳು ಯಾವ ಊರಿನಾಚೆ ಮುಗಿಯುತ್ತದೆ ಎಂಬುದನ್ನು ಪಂಚಾಂಗದ ಪುಟದಲ್ಲಿ ಹುಡುಕಿ ಫಲವಿಲ್ಲ.

ಅದನ್ನು ಒಂದೇ ಹಾಳೆಯಲ್ಲಿ ತೋರಿಸಿದವನು ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಎಡ್ಮಂಡ್ ಹ್ಯಾಲಿ. 1715ರ ಮೇ 3ರ (ಇಂಗ್ಲೆಂಡಿನ ಆಗಿನ ಲೆಕ್ಕದಲ್ಲಿ ಏಪ್ರಿಲ್ 22ರ) ಗ್ರಹಣಕ್ಕೆ ಮುಂಚೆಯೇ ಆತ ಅಚ್ಚು ಹಾಕಿಸಿದ ನಕಾಶೆಯಲ್ಲಿ ನೈಋತ್ಯದಿಂದ ಈಶಾನ್ಯಕ್ಕೆ ಇಂಗ್ಲೆಂಡನ್ನು ಅಡ್ಡಹಾಯುವ ಬೂದುಬಣ್ಣದ ಪಟ್ಟಿಯೂ ಅದರೊಳಗೆ ಚಂದ್ರನ ನೆರಳಿನ ಕಪ್ಪು ಅಂಡಾಕಾರವೂ ಇದ್ದವು. ಹಗಲಲ್ಲೇ ಕತ್ತಲಾದರೆ ಹೊಸದಾಗಿ ಪಟ್ಟಕ್ಕೆ ಬಂದ ಜಾರ್ಜ್ ದೊರೆಗೆ ಕೇಡೆಂದು ಜನ ಭಾವಿಸಿಯಾರು ಎಂಬ ಆತಂಕವನ್ನೂ ಆತ ಅದೇ ಹಾಳೆಯಲ್ಲಿ ಬರೆದಿದ್ದ. ಅಪಶಕುನದ ಭಯ ನಮ್ಮೂರಿನ ಸ್ವತ್ತೇನಲ್ಲ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಆತನ ಕೋರಿಕೆ: ಲೋಲಕದ ಗಡಿಯಾರವಿದ್ದವರು ಪೂರ್ಣ ಕತ್ತಲು ಎಷ್ಟು ಹೊತ್ತು ಇತ್ತೆಂದು ಅಳೆದು ತಿಳಿಸಬೇಕು. ಲಂಡನ್ನಿನಲ್ಲಿ ಆತನೇ ಅಳೆದದ್ದು 3 ನಿಮಿಷ 22 ಸೆಕೆಂಡು. ಊರೂರುಗಳಿಂದ ಬಂದ ವರದಿಗಳನ್ನು ಹೊಂದಿಸಿ ನೋಡಿದರೆ ಆತ ಮುಂಚೆ ಲೆಕ್ಕಹಾಕಿದ್ದ ಗ್ರಹಣದ ವೇಳೆ ಸುಮಾರು 4 ನಿಮಿಷದಷ್ಟು, ಪಟ್ಟಿಯ ಅಂಚು ಸುಮಾರು 30 ಕಿಲೋಮೀಟರಿನಷ್ಟು ತಪ್ಪಿತ್ತು. ಅಂದರೆ ಹೆಚ್ಚುಕಡಿಮೆ ಅಂಕೋಲೆಯಿಂದ ಕಾರವಾರದಷ್ಟು. ತಿದ್ದಿದ ಪಟ್ಟಿಯನ್ನೂ 1724ರ ಗ್ರಹಣದ ಪಟ್ಟಿಯನ್ನೂ ಒಂದರ ಮೇಲೊಂದು ಹಾಯುವಂತೆ ಬಿಡಿಸಿ ಆತ ಮತ್ತೆ ಪ್ರಕಟಿಸಿದ.

ಗ್ರಹಣಗಳು ಮರುಕಳಿಸುವ 18 ವರ್ಷ, 11 ದಿನ, 8 ಗಂಟೆಗಳ ಆವರ್ತಕ್ಕೆ ಸಾರೋಸ್ ಎಂಬ ಹೆಸರನ್ನು ಅಂಟಿಸಿದವನೂ ಹ್ಯಾಲಿಯೇ. ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿಬಿಡುವುದರಿಂದ ಮರಳಿದ ಗ್ರಹಣ ಬೇರೆ ದೇಶದವರ ಪಾಲಾಗುತ್ತದೆ. ಮೂರು ಆವರ್ತ ಕಳೆದರೆ ಮತ್ತೆ ಹೆಚ್ಚುಕಡಿಮೆ ನಮ್ಮ ರೇಖಾಂಶಕ್ಕೇ ಬರುತ್ತದೆ. ಹಾಗಾಗಿ 1980ರ ಗ್ರಹಣದ ಸಂತತಿ 2034ರ ಮಾರ್ಚ್ 20ರಂದು ಭಾರತಕ್ಕೆ ಮರಳಲಿದೆ, ಆದರೆ ಈ ಸಲ ನೆರಳು ಹಾಯುವುದು ದೂರದ ಲಡಾಖ್ ಕಡೆ. ನಮ್ಮ ಮನೆಗಂತೂ ಹಂಚು ತೆಗೆದು ಸ್ಲ್ಯಾಬ್ ಹಾಕಿಯಾಗಿದೆ.