ಬಸ್ಸಿಗೆ ಹೆದರುವ ಅವ್ವ ಹಡಗು ಹತ್ತಿದ್ದು

ನಮ್ಮ ಅವ್ವ ಮೂರು ಸಲ ಶ್ರೀಶೈಲಕ್ಕೆ ನಡೆದು ಹೋದವಳು. ಯುಗಾದಿ ಹತ್ತಿರ ಬಂದಾಗ ಇಂಡಿ ಕಡೆಯಿಂದ ಭಕ್ತರು ಹೆಗಲ ಮೇಲೆ ಹೊತ್ತು ಹೊರಡುವ ಮಲ್ಲಯ್ಯನ ಕಂಬಿಯ ಹಿಂದೆ ಎರಡು ವಾರ ಬಿಸಿಲಲ್ಲಿ ನಡೆದು, ಕಡೆಗೆ ಆತ್ಮಕೂರು ದಾಟಿ ನಲ್ಲಮಲ ಕಾಡಿನೊಳಗೆ ಭೀಮನ ಕೊಳ್ಳ ಇಳಿದು ಹತ್ತಿ. ಊರಿನವರು ಅವಳ ಭಕ್ತಿಯನ್ನು ಕೊಂಡಾಡುತ್ತಾರೆ. ಭಕ್ತಿ ಇದ್ದದ್ದು ಖರೆ. ಅವಳಿಗೆ ಬಸ್ಸು ಆಗುವುದಿಲ್ಲ ಅನ್ನುವುದೂ ಅಷ್ಟೇ ಖರೆ. ಬರುವಾಗ ಬೇರೆ ದಾರಿಯಿಲ್ಲದೆ ಬಸ್ಸು ಹತ್ತುತ್ತಿದ್ದಳು. ಎರಡು ವಾರದ ನಡಿಗೆಗೆ ಒಂದು ದಿನವೂ ದಣಿವು ಅಂದವಳಲ್ಲ; ವಾಪಸ್ ಬರುವ ರಾತ್ರಿಯ ಘಾಟಿನ ತಿರುವುಗಳ ಮಾತೆತ್ತಿದರೆ ಈಗಲೂ ಮುಖ ಕಿವುಚುತ್ತಾಳೆ.

ಇಂಡಿಯಿಂದ ವಿಜಯಪುರಕ್ಕೆ ಬರುವುದಿದ್ದರೂ ಹಿಂದಿನ ರಾತ್ರಿಯೇ ಊಟ ಬಿಡುತ್ತಿದ್ದಳು. ಕೈಯಲ್ಲಿ ಮಡಚಿದ ಪ್ಲಾಸ್ಟಿಕ್ ಚೀಲ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಒಂದು ಲಿಂಬೆಹಣ್ಣು. ಬಸ್ಸು ಕುಲುಕಿದಾಗೊಮ್ಮೆ ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿಯುತ್ತಿದ್ದಳು. ಊರು ಮುಟ್ಟುವಷ್ಟರಲ್ಲಿ ಹಣ್ಣಿನ ಮೈತುಂಬ ಉಗುರಿನ ಗೆರೆ. ಇಂಡಿ ಲಿಂಬೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದ ಸುದ್ದಿಯನ್ನು ಓದಿ ಹೇಳಿದಾಗ, ‘ಅದರ ವಾಸನಿ ನನಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ ನೋಡವಾ’ ಅಂದಿದ್ದಳು.

ವಾಂತಿಗಿಂತ ಹೆಚ್ಚು ಅವಳನ್ನು ಹಿಂಡಿದ್ದು ನಾಚಿಕೆ. ಕಂಡಕ್ಟರ್ ಗದರುವುದು, ಮುಂದಿನ ಸೀಟಿನವರು ಮೂಗು ಮುಚ್ಚುವುದು, ಇಳಿದ ಮೇಲೆ ತಾನೇ ನೀರು ತಂದು ಬಸ್ಸಿನ ಮಗ್ಗುಲು ತೊಳೆಯುವುದು. ತವರಿನ ಎರಡು ಮದುವೆಗೆ ಅವಳು ಹೋಗಲೇ ಇಲ್ಲ.

ಅಂಥ ಅವ್ವ ಹೋದ ದಸರೆಯಲ್ಲಿ, ಅರವತ್ತಾರರ ವಯಸ್ಸಿಗೆ, ‘ಒಮ್ಮೆ ಸಮುದ್ರ ನೋಡಬೇಕು’ ಅಂದಳು. ‘ದಂಡಿಗೆ ನಿಂತಲ್ಲ, ನಡುವಿಗೆ ಹೋಗಿ.’

ಮುಂಬೈಯಲ್ಲಿರುವ ತಮ್ಮ ಡಿಸೆಂಬರಿನ ಹಡಗು ಹುಡುಕಿದ. ಮುಂಬೈಯಿಂದ ಗೋವಾ, ಎರಡು ರಾತ್ರಿ. ಮಳೆಗಾಲದ ಅರಬ್ಬಿ ಸಮುದ್ರ ಹುಚ್ಚು ಹಿಡಿದಂತಿರುತ್ತದೆ. ಹಿಂಗಾರು ಮುಗಿದ ಮೇಲೆ ಅದೇ ಸಮುದ್ರ ಬಹುಪಾಲು ತಣ್ಣಗಿರುತ್ತದೆ. ತಿಂಗಳು ಆರಿಸುವುದೇ ಮೊದಲ ಮದ್ದು. ಉಳಿದ ಮದ್ದಿಗೆ ವಿಜಯಪುರದ ನಮ್ಮ ಓಣಿಯ ಡಾಕ್ಟರ ಹತ್ತಿರ ಹೋದೆವು.

ಅವರು ಅವಸರ ಮಾಡಲಿಲ್ಲ. ಒಳಗಿವಿಯಲ್ಲಿ ಬಳೆಯಂಥ ಮೂರು ಸಣ್ಣ ಕೊಳವೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ, ತಲೆ ಹೊರಳಿದಾಗ ಆ ದ್ರವ ಹಿಂದುಳಿದು ಹೊರಳಿದ್ದನ್ನು ಮಿದುಳಿಗೆ ತಿಳಿಸುತ್ತದೆ ಎಂದರು. ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳಿರುವ ಎರಡು ಚೀಲಗಳು. ಏರಿದ್ದು, ಇಳಿದದ್ದು, ಮುಂದೆ ಸರಿದದ್ದು ಅವಕ್ಕೆ ಗೊತ್ತಾಗುತ್ತದೆ. ಹಡಗಿನ ಕೋಣೆಯಲ್ಲಿ ಕೂತಾಗ ಕಣ್ಣು ‘ಗೋಡೆ ನಿಂತೇ ಇದೆ’ ಎನ್ನುತ್ತದೆ, ಕಿವಿ ‘ಇಲ್ಲ, ಏರಿಳಿಯುತ್ತಿದ್ದೇವೆ’ ಎನ್ನುತ್ತದೆ. ಇಬ್ಬರ ತಕರಾರು ಬಗೆಹರಿಯದೆ ಹೊಟ್ಟೆಯ ಮೇಲೆ ಬೀಳುತ್ತದೆ.

ಅವ್ವ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: ‘ತುಂಬಿದ ಕೊಡಾ ಹೊತ್ತು ನಡಕೋತ ಹೋಗಿ ಗಕ್ಕನ ನಿಂತ್ರ, ನಾವು ನಿಂತ್ರೂ ನೀರು ತುಳುಕ್ತದಲ್ಲರಿ, ಹಂಗೇನ್ರಿ?’ ಡಾಕ್ಟರು ಹಾಗೇ ಅಂದರು. ಒಳಗಿವಿಯ ಈ ಭಾಗ ಪೂರ್ತಿ ಕೆಟ್ಟವರಿಗೆ ಎಂಥ ಅಲೆಯಲ್ಲೂ ಹೊಟ್ಟೆ ತೊಳಸುವುದಿಲ್ಲ ಎಂದೂ ಹೇಳಿದರು. ‘ಅಂದ್ರ ನನ್ನ ಕಿವಿ ಛಲೋ ಐತಿ ಅಂದಂಗಾತು’ ಎಂದು ಅವ್ವ ನನ್ನ ಕಡೆ ನೋಡಿದಳು. ನಲವತ್ತು ವರ್ಷ ತನ್ನದೇ ತಪ್ಪು ಎಂದುಕೊಂಡಿದ್ದವಳ ಮುಖ ಅದು. ಈ ಮಾತನ್ನು ಯಾರಾದರೂ ಅವಳಿಗೆ ಮೊದಲೇ ಹೇಳಬೇಕಿತ್ತು. ನಾನೇ ಹೇಳಬೇಕಿತ್ತು.

ಮಾತ್ರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಅವೋಮಿನ್, ಅಂದರೆ ಪ್ರೊಮೆಥಜೀನ್, 25 ಮಿಲಿಗ್ರಾಂ. ಕೊಡುವ ಮೊದಲು ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದೆಯೇ, ಬೇರೆ ಯಾವ ಮಾತ್ರೆ ನಡೆದಿದೆ ಎಂದೆಲ್ಲ ಕೇಳಿದರು. ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ಗಂಡಸರಲ್ಲಿ ಪ್ರಾಸ್ಟೇಟ್ ತೊಂದರೆ ಇದ್ದವರು ಜೋಪಾನವಾಗಿರಬೇಕು, ಎರಡು ವರ್ಷದೊಳಗಿನ ಕೂಸಿಗಂತೂ ಕೊಡಲೇಬಾರದು. ಹಾಗಾಗಿ ಅಂಗಡಿಯಲ್ಲಿ ಸಿಗುತ್ತದೆಂದು ಕೇಳದೆ ನುಂಗುವ ಮಾತ್ರೆ ಇದಲ್ಲ. ನಮಗೆ ಹೇಳಿದ್ದು: ಹೊರಡುವ ಹಿಂದಿನ ರಾತ್ರಿ ಮಲಗುವಾಗ ಒಂದು, ಹಡಗಿನಲ್ಲಿ ದಿನಾ ರಾತ್ರಿ ಒಂದು. ‘ತೊಳಸಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಆಗ ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ, ಮಾತ್ರೆ ಅಲ್ಲೇ ಕೂತಿರುತ್ತದೆ’ ಎಂದು ಎರಡು ಸಲ ಹೇಳಿದರು. ಮೊದಲು ಊರಲ್ಲೇ ಒಮ್ಮೆ ನುಂಗಿ ನೋಡಿ ಎಂದರು. ನುಂಗಿ ಬಸ್ಸಿನಲ್ಲಿ ಕೂಡಲಸಂಗಮಕ್ಕೆ ಹೋದೆವು. ಅವ್ವ ಅರ್ಧ ದಾರಿ ತೂಕಡಿಸಿದಳು, ಅರ್ಧ ದಾರಿ ಕಿಟಕಿಯಾಚೆ ಹೊಲ ನೋಡಿದಳು. ಚೀಲ ಮಡಚಿದಂತೆಯೇ ಮನೆಗೆ ಬಂತು.

ಇನ್ನೊಂದು ತಿದ್ದುಪಡಿ ಉಪವಾಸದ್ದು. ಖಾಲಿ ಹೊಟ್ಟೆ ಹೆಚ್ಚು ತೊಳಸುತ್ತದೆ. ಎಣ್ಣೆ, ಮಸಾಲೆ ತುಂಬಿದ ಹೊಟ್ಟೆಯೂ ಅಷ್ಟೇ. ಒಣಗಿದ್ದು, ಸಪ್ಪಗಿದ್ದು, ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಹಡಗಿನವರು ಇದಕ್ಕೆ ಬಿಸ್ಕತ್ತು ಕೊಡುತ್ತಾರಂತೆ. ನಮ್ಮಲ್ಲಿ ಕಡಕ್ ರೊಟ್ಟಿ ಇರುವಾಗ ಬಿಸ್ಕತ್ತಿನ ಹಂಗು ಯಾಕೆ ಬೇಕು? ಅವ್ವ ಹದಿನೈದು ಜೋಳದ ರೊಟ್ಟಿ ಬಡಿದು, ಹಂಚಿನ ಮೇಲೆ ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿದಳು. ಜೊತೆಗೆ ಅಲ್ಲೇಪಾಕದ ಪೊಟ್ಟಣ. ಅಲ್ಲ, ಅಂದರೆ ಹಸಿ ಶುಂಠಿ, ಹೊಟ್ಟೆಗೆ ಹಿತ. ಮಾತ್ರೆಯ ಬಲ ಅದಕ್ಕಿಲ್ಲ, ಆದರೆ ನಿದ್ದೆಯನ್ನೂ ತರುವುದಿಲ್ಲ. ಆರು ಲಿಂಬೆಹಣ್ಣು ಹೇಗೂ ಇದ್ದವು.

ಮುಂಬೈ ರೈಲು ವಿಜಯಪುರ ಬಿಟ್ಟು ಭೀಮಾ ನದಿ ದಾಟುವಾಗ ಅವ್ವ ಕಿಟಕಿಯಿಂದ ಒಂದು ರೂಪಾಯಿ ಎಸೆದು ಕೈ ಮುಗಿದಳು. ಸೊಲ್ಲಾಪುರ ಬರುವ ಮೊದಲು ಮಾತ್ರೆ ನುಂಗಿ ಮಲಗಿದಳು.

ಬಲಾರ್ಡ್ ಪಿಯರ್‌ನಲ್ಲಿ ಹಡಗು ಕಂಡಾಗ ಅವಳು ಮೊದಲು ಮೇಲೆ ನೋಡಲಿಲ್ಲ. ಗೋಡೆಯಂಥ ಆ ಬದಿ ನೀರಿಗೆ ಇಳಿದ ಜಾಗವನ್ನೇ ನೋಡುತ್ತ ನಿಂತಳು. ‘ಅಳ್ಳಾಡವಲ್ದಲ್ಲ’ ಎಂದಳು.

ಕೋಣೆಗೆ ಹೋದ ಮೇಲೆ ನನಗೆ ಎದೆ ಧಸಕ್ಕೆಂದಿತು. ಹಡಗಿನ ನಡುವೆ, ಕೆಳ ಅಂತಸ್ತಿನಲ್ಲಿ ಕೊಡಿ ಎಂದು ಏಜೆಂಟರಿಗೆ ಮೂರು ಸಲ ಹೇಳಿದ್ದೆವು. ಕೊಟ್ಟದ್ದು ತೀರಾ ಮೂತಿಯ ಕಡೆ, ಮೇಲಿನ ಅಂತಸ್ತು. ಫೋನ್ ಮಾಡಿದರೆ, ಎಲ್ಲ ಕೋಣೆಗಳೂ ಒಂದೇ ಎಂಬ ಉತ್ತರ. ಒಂದೇ ಅಲ್ಲ. ಚಕ್ಕಡಿಯ ಮೂಕಿ ಎತ್ತಿ ಇಳಿಸಿ ನೋಡಿ: ಮೂಕಿಯ ತುದಿ ಆಳೆತ್ತರ ಏರಿಳಿಯುತ್ತದೆ, ಅಚ್ಚು ಇದ್ದಲ್ಲೇ ಇರುತ್ತದೆ. ಹಡಗೂ ಹಾಗೇ. ಈಗಿನ ಹಡಗುಗಳಿಗೆ ನೀರೊಳಗೆ ಎರಡೂ ಬದಿಗೆ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಸರ್ ಇರುತ್ತವೆ. ಅವು ಅಡ್ಡ ಹೊಯ್ದಾಟವನ್ನು ತಗ್ಗಿಸುತ್ತವೆ. ಮೂತಿ ಏರಿ ಇಳಿಯುವುದನ್ನು ತಡೆಯುವ ಕೆಲಸ ಅವುಗಳದ್ದಲ್ಲ. ಬೇರೆ ಕೋಣೆ ಖಾಲಿ ಇರಲಿಲ್ಲ. ಮಲಗಲು ಮಾತ್ರ ಕೋಣೆ, ಉಳಿದ ಹೊತ್ತು ಹಡಗಿನ ನಡುಭಾಗ ಎಂದು ತೀರ್ಮಾನಿಸಿದೆವು.

ಸಂಜೆ ಹಡಗು ಹೊರಟಿತು. ಕೊಲಾಬಾದ ತುದಿಯಾಚೆ ಪ್ರಾಂಗ್ಸ್ ದೀಪಸ್ತಂಭ ಹಿಂದೆ ಸರಿಯುವವರೆಗೂ ನೀರು ಕೆರೆಯಂತಿತ್ತು. ಆಮೇಲೆ ಕಾಲಡಿ ನಿಧಾನವಾದ ಉಸಿರಾಟ ಶುರುವಾಯಿತು. ನಾವು ತೆರೆದ ಡೆಕ್ಕಿನಲ್ಲಿ ನಿಂತು ನೀರು ಆಕಾಶ ಕೂಡುವ ಗೆರೆಯನ್ನೇ ನೋಡಿದೆವು. ಆ ಗೆರೆಯ ಮೇಲೆ ಕಣ್ಣಿಟ್ಟರೆ ಕಣ್ಣಿಗೂ ಹಡಗಿನ ಅಲುಗಾಟ ಕಾಣುತ್ತದೆ, ಕಿವಿಯ ಮಾತಿಗೆ ತಾಳೆಯಾಗುತ್ತದೆ. ಮೊಬೈಲು ನೋಡುವುದು, ಓದುವುದು, ತಲೆ ಬಗ್ಗಿಸಿ ಚೀಲದಲ್ಲಿ ಹುಡುಕುವುದು ಇದಕ್ಕೆ ತೀರಾ ವಿರುದ್ಧ. ಆ ರಾತ್ರಿ ಅವ್ವ ಒಂದು ರೊಟ್ಟಿ ಮುರಿದು ತಿಂದು, ಮಾತ್ರೆ ನುಂಗಿ, ಬೆಳಗಿನತನಕ ಮಲಗಿದಳು.

ಮರುದಿನ ಪೂರ್ತಿ ಸಮುದ್ರ. ಎತ್ತ ನೋಡಿದರೂ ದಂಡೆಯಿಲ್ಲ. ಅವ್ವ ಕಟಕಟೆ ಹಿಡಿದು ಎರಡು ತಾಸು ಮಾತಾಡಲಿಲ್ಲ. ನಾನು ಕರೆದಾಗ, ‘ತಡಿ, ಇನ್ನೂ ನೋಡೂದೈತಿ’ ಅಂದಳು.

ಆ ಸಂತೋಷದಲ್ಲೇ ನಾನು ತಪ್ಪಿದೆ. ರಾತ್ರಿ ಹಾಡು, ಊಟ, ಯಾರದೋ ಜೊತೆ ಮಾತು. ಮಾತ್ರೆ ಕೊಡುವುದನ್ನು ಮರೆತೆ. ಹನ್ನೊಂದರ ಸುಮಾರಿಗೆ ಗಾಳಿ ಎದ್ದಿತು. ಕೋಣೆ ಏರುವುದು, ಒಂದು ಗಳಿಗೆ ನಿಲ್ಲುವುದು, ಇಳಿಯುವುದು. ಅವ್ವ ಮೊದಲು ಆಕಳಿಸಿದಳು, ಒಂದರ ಹಿಂದೊಂದು. ನಿದ್ದೆ ಎಂದುಕೊಂಡೆ. ಹಣೆ ಮುಟ್ಟಿದರೆ ತಣ್ಣನೆ ಬೆವರು. ತುಟಿ ಬಿಳಚಿಕೊಂಡಿತ್ತು, ಬಾಯಲ್ಲಿ ನೀರು ತುಂಬಿ ಪದೇ ಪದೇ ನುಂಗುತ್ತಿದ್ದಳು. ಗಾಬರಿಯಲ್ಲಿ ಕೊಟ್ಟ ಮಾತ್ರೆ ಹತ್ತು ನಿಮಿಷದಲ್ಲಿ ಹೊರಬಂತು. ‘ಸವಿ, ಚಾದರಿಗೆ ಬಿತ್ತೇನ? ಮಂದಿ ಏನಂದಾರು’ ಎಂದು ಅವಳು ನನ್ನ ಹೆಸರು ಹಿಡಿದು ಕೇಳಿದ್ದು ನನ್ನ ಕರುಳು ಕಿವುಚಿತು.

ಕೈ ಹಿಡಿದು ಲಿಫ್ಟಿನಲ್ಲಿ ಕೆಳಗೆ, ಹಡಗಿನ ನಟ್ಟನಡುವಿನ ಸ್ವಾಗತ ಕಟ್ಟೆಯ ಹತ್ತಿರ ಕರೆತಂದೆ. ಅಲ್ಲಿದ್ದ ಹುಡುಗಿ ಏನೂ ಕೇಳದೆ ಸೋಫಾ ತೋರಿಸಿ, ಒಂದು ಹಸಿರು ಸೇಬು ಹೆಚ್ಚಿ ಕೊಟ್ಟಳು. ‘ಇವತ್ತು ನೀವು ಎಂಟನೆಯವರು ಅಮ್ಮಾ’ ಎಂದು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಅವ್ವನ ಬಿಗಿದ ಭುಜ ಸಡಿಲಾದದ್ದು ಆಗಲೇ. ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಅಲ್ಲಿ ಏರಿಳಿತ ಅರ್ಧಕ್ಕಿಂತ ಕಡಿಮೆ.

ಸ್ವಲ್ಪ ಚೇತರಿಸಿಕೊಂಡ ಮೇಲೆ ಗಾಳಿ ಬೇಕೆಂದಳು. ಹೊರಗೆ ಕತ್ತಲು, ಗೆರೆ ಎಲ್ಲಿಂದ ಕಾಣಬೇಕು ಎಂದು ನನಗೆ ಚಿಂತೆ. ಆದರೆ ಪೂರ್ವಕ್ಕೆ ಕೊಂಕಣದ ಮೀನುಗಾರರ ದೋಣಿಗಳು ಇದ್ದವು. ನೂರಾರು ದೀಪ, ಒಂದೇ ಸಾಲಿನಲ್ಲಿ, ದೀಪಾವಳಿಯ ಕಟ್ಟೆಯ ಹಾಗೆ. ಅವ್ವ ಆ ಸಾಲನ್ನು ಹಿಡಿದುಕೊಂಡಳು. ಉಗುರಿನಿಂದ ಲಿಂಬೆ ಗೀರುತ್ತ, ಆಗಾಗ ಮೂಗಿಗೆ ಹಿಡಿಯುತ್ತ, ಒಂದು ಚೂರು ರೊಟ್ಟಿ ಬಾಯಲ್ಲಿಟ್ಟುಕೊಂಡು ಚೀಪುತ್ತ ಒಂದೂವರೆ ತಾಸು. ಎರಡು ಗಂಟೆಗೆ ಅದೇ ಸೋಫಾದ ಮೇಲೆ ನಿದ್ದೆ ಹೋದಳು. ಶರೀರ ಅಲೆಗೆ ಒಗ್ಗಲು ಎರಡು ಮೂರು ದಿನ ಬೇಕು. ಎರಡು ರಾತ್ರಿಯ ಪ್ರಯಾಣ ಒಗ್ಗುವ ಮೊದಲೇ ಮುಗಿಯುತ್ತದೆ, ಅದಕ್ಕೇ ಸಣ್ಣ ಪ್ರಯಾಣದಲ್ಲಿ ಒಂದು ಮಾತ್ರೆಯನ್ನೂ ತಪ್ಪಿಸುವಂತಿಲ್ಲ. ಇದು ನನಗೆ ಗೊತ್ತಿದ್ದೇ ತಪ್ಪಿದೆನಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಬೆಳಿಗ್ಗೆ ಮುರಗಾಂವ್ ಬಂದರಿನಲ್ಲಿ ಇಳಿದಾಗ ಗಟ್ಟಿ ನೆಲವೇ ತೂಗಿದಂತಾಯಿತು. ಒಗ್ಗಲು ಶುರುಮಾಡಿದ ಕಿವಿ ಇನ್ನೂ ಹಡಗಿನ ಲೆಕ್ಕದಲ್ಲೇ ಇರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಅಲ್ಲಿಂದ ಚೋರ್ಲಾ ಘಾಟಿನ ಮೇಲೆ ಬೆಳಗಾವಿಗೆ. ಈ ಸಲ ಮಾತ್ರೆ ಹೊತ್ತಿಗೆ ಸರಿಯಾಗಿ. ಅವ್ವ ಡ್ರೈವರ್ ಪಕ್ಕ ಮುಂದಿನ ಸೀಟಿನಲ್ಲಿ ಕೂತು, ತಿರುವು ಬರುವ ಮೊದಲೇ ದೂರದ ರಸ್ತೆ ನೋಡುತ್ತ ತಲೆಯನ್ನು ಸೀಟಿಗೆ ಆನಿಸಿ ಸ್ಥಿರವಾಗಿ ಇಟ್ಟುಕೊಂಡಿದ್ದಳು. ಬೆಳಗಾವಿಯಲ್ಲಿ ಇಳಿದು ಕುಂದಾ ತಿಂದೆವು.

ಮೊನ್ನೆ ಇಂಡಿಗೆ ಹೋದಾಗ ಪಕ್ಕದ ಮನೆಯ ಸೊಸೆ ತವರಿಗೆ ಹೊರಟಿದ್ದಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅವ್ವ ಅವಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡಳು. ‘ಮೊದ್ಲ ಡಾಕ್ಟರಿಗೆ ಕೇಳು. ಕೊಟ್ರ, ಬಸ್ ಬಂದ ಮ್ಯಾಲಲ್ಲ, ಮನಿ ಬಿಡೂಕಿಂತ ಮದ್ಲ ನುಂಗು. ಉಪಾಸ ಇರಬ್ಯಾಡ’ ಎಂದು, ಒಳಗಿಂದ ಎರಡು ಕಡಕ್ ರೊಟ್ಟಿ ತಂದು ಅವಳ ಚೀಲದಲ್ಲಿ ಇಟ್ಟಳು.